ಐವತ್ತಾರು ಮಂಜೊಟ್ಟಿ, ಒಂದು ಸ್ಟೀಲ್ ಬಟ್ಟಲು: ಕಾಲೇಜಿನಲ್ಲಿ ಆಟ ಕಟ್ಟುವುದಕ್ಕೆ ನಿಜವಾಗಿ ಖರ್ಚಾಗುವುದು ಏನು?

ಹೋದ ವರ್ಷ ಜೂನ್‌ನಲ್ಲಿ ನಮ್ಮ ಸ್ಟಾಫ್ ರೂಮಿಗೆ ಟೈ ಕಟ್ಟಿದ ಹುಡುಗನೊಬ್ಬ ಬಂದಿದ್ದ. ಹೊರಗೆ ಮಳೆ ಹೊಯ್ಯುತ್ತಿತ್ತು, ಅವನ ಷೂ ಒದ್ದೆ ಮುದ್ದೆ. ಟ್ಯಾಬ್ ತೆಗೆದು ಒಂದು ಆಟ ತೋರಿಸಿದ. ವಿದ್ಯಾರ್ಥಿಗಳು ಕಂಪನಿಯ ಮ್ಯಾನೇಜರ್ ಆಗುತ್ತಾರೆ, ಬೆಲೆ ಏರಿಸುತ್ತಾರೆ, ಇಳಿಸುತ್ತಾರೆ, ಪರದೆಯ ಮೇಲೆ ನಾಣ್ಯ ಉದುರುತ್ತದೆ. ಚೆನ್ನಾಗಿಯೇ ಇತ್ತು. ತಲೆಗೆ ಇಷ್ಟು ಎಂದು ವರ್ಷದ ಚಂದಾ. ನಮ್ಮ ತರಗತಿಯ 62 ಮಕ್ಕಳಿಗೆ ಲೆಕ್ಕ ಹಾಕಿದರೆ ವಿಭಾಗದ ಇಡೀ ವರ್ಷದ ಖರ್ಚನ್ನೇ ದಾಟಿತು. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇದ್ರಲ್ಲಿ ಮಲ್ಪೆ ಉಂಟಾ ಮಾರಾಯ?"

ಇರಲಿಲ್ಲ. ನಮ್ಮೂರ ಪಕ್ಕದ ಆ ಮೀನುಗಾರಿಕೆ ಬಂದರನ್ನು ಬೇಕಾದರೆ ಹಾಕಿ ಕೊಡಬಹುದು, ಅದಕ್ಕೆ ಬೇರೆ ರೇಟು ಎಂದ.

ನಾನು ಉಡುಪಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಲ್ಲಿಂದ 'ಮಾಡಿ ಕಲಿಯುವುದು' ಎಂಬ ಮಾತು ಪ್ರತಿ ಕಾರ್ಯಾಗಾರದಲ್ಲೂ ಕೇಳಿಬರುತ್ತದೆ. ಆ ಮಾತಿನ ಹಿಂದೆಯೇ ಆ್ಯಪ್ ಮಾರುವವರು ಬಂದರು. ಪಾತ್ರ ಹಂಚಿ ಆಡುವ ಆಟ ಎಂದರೆ ಕಂಪ್ಯೂಟರು, ಲೈಸೆನ್ಸು, ದುಡ್ಡು ಎಂದು ಹೆಚ್ಚಿನವರು ನಂಬಿಬಿಟ್ಟಿದ್ದಾರೆ. ಇಲ್ಲದಿದ್ದರೆ ಅದು ಕಾಲೇಜ್ ಡೇ ನಾಟಕ ಎಂಬ ಲೆಕ್ಕ. ಎರಡೂ ಅಲ್ಲ. ಹಾಗಾಗಿ ನಾನು ಕಟ್ಟಿದ ಒಂದು ಆಟದ ಲೆಕ್ಕವನ್ನೇ ಇಲ್ಲಿ ಬಿಚ್ಚಿಡುತ್ತೇನೆ.

ವಿಷಯ, ಎಲ್ಲರಿಗೂ ಸೇರಿದ ಸಂಪತ್ತು ಯಾಕೆ ಬರಿದಾಗುತ್ತದೆ ಎಂಬುದು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಬಂಧದಿಂದ ಪಾಠ ಶುರುವಾಗುತ್ತದೆ: ಹುಲ್ಲುಗಾವಲು ಎಲ್ಲರದ್ದು, ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಕೊನೆಗೆ ಹುಲ್ಲೇ ಇಲ್ಲ. ಮಲ್ಪೆಯ ದಕ್ಕೆಯಿಂದ, ಅಂದರೆ ಬೋಟ್ ಬಂದು ನಿಲ್ಲುವ ಕಟ್ಟೆಯಿಂದ, ನಾಲ್ಕೈದು ಕಿಲೋಮೀಟರಿನಲ್ಲಿ ಕೂತು ಇಂಗ್ಲೆಂಡಿನ ಹುಲ್ಲುಗಾವಲಿನ ಪಾಠ ಯಾಕೆ, ಅಲ್ವಾ?

ಆಟ ಹೀಗಿದೆ. ನಡುವೆ ಒಂದು ಸ್ಟೀಲ್ ಬಟ್ಟಲು, ಅದೇ ಕಡಲು. ಅದರಲ್ಲಿ 56 ಮಂಜೊಟ್ಟಿ ಬೀಜ, ಅವೇ ಮೀನು. ಸಂಖ್ಯೆ ನಾನು ಆರಿಸಿದ್ದಲ್ಲ. ಬೀಜ ಹಾಕಿ ಆಡುವ ಗುಳಿಯಾಟದ ಮಣೆ, ಚೆನ್ನೆಮಣೆಗೆ 14 ಗುಳಿ, ಗುಳಿಗೆ ನಾಲ್ಕು ಬೀಜ. ಅಮ್ಮನ ಚೆನ್ನೆಮಣೆಯ ಸಂಚಿಯನ್ನೇ ಎತ್ತಿಕೊಂಡು ಬಂದೆ. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ವಾಪಸ್ ಬೇಕು ಎಂಬ ಷರತ್ತಿನ ಮೇಲೆ.

ಏಳು ತಂಡ ಕಡಲಿಗೆ ಇಳಿಯುತ್ತವೆ. ಮೂರು ನಾಡದೋಣಿ: ಒಂದು ಸುತ್ತಿಗೆ ತಲಾ ಎರಡು ಬೀಜದವರೆಗೆ ಎತ್ತಬಹುದು. ಬಲೆ ಎಳೆದುಕೊಂಡು ಹೋಗುವ ಎರಡು ಟ್ರಾಲ್‌ಬೋಟ್: ತಲಾ ಐದು. ಎರಡು ಪರ್ಸಿನ್, ಅಂದರೆ ಮೀನಿನ ಹಿಂಡನ್ನೇ ಸುತ್ತುಗಟ್ಟುವ ದೊಡ್ಡ ಬಲೆಯ ಬೋಟ್: ತಲಾ ಹತ್ತು. ಎಲ್ಲರೂ ಎತ್ತಿದ ಮೇಲೆ ಬಟ್ಟಲಲ್ಲಿ ಉಳಿದದ್ದು ದುಪ್ಪಟ್ಟಾಗುತ್ತದೆ, ಆದರೆ 56 ದಾಟುವಂತಿಲ್ಲ. ಎಲ್ಲರೂ ಸೇರಿ ಸುತ್ತಿಗೆ 28 ಎತ್ತಿದರೆ ಆಟ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ. ಎಲ್ಲರೂ ತಮ್ಮ ಮಿತಿಯಷ್ಟು ಎತ್ತಿದರೆ 36 ಆಗುತ್ತದೆ. ಅಲ್ಲಿಗೆ ಮೂರನೇ ಸುತ್ತಿನಲ್ಲಿ ಬಟ್ಟಲು ಖಾಲಿ. ನಿಜವಾದ ಕಡಲಲ್ಲಿ ಮೀನು ಹೀಗೆ ಲೆಕ್ಕ ಹಾಕಿ ಹುಟ್ಟುವುದಿಲ್ಲ, ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ.

ಉಳಿದ 30 ಮಂದಿ ದಡದಲ್ಲಿ. ಮೀನು ಮಾರುವ ಹೆಂಗಸರು, ಐಸ್ ಪ್ಲಾಂಟಿನವರು, ಫಿಶ್‌ಮೀಲ್ ಕಾರ್ಖಾನೆಯವರು, ಬ್ಯಾಂಕಿನವರು, ಮೀನುಗಾರಿಕೆ ಇಲಾಖೆಯವರು, ಪತ್ರಿಕೆಯವರು. ಪ್ರತಿ ತಂಡಕ್ಕೂ ಒಂದು ಲಕೋಟೆ. ಒಳಗೆ ಒಂದೇ ಪುಟ: ನೀವು ಯಾರು, ನಿಮಗೆ ಏನು ಬೇಕು, ಏನು ಮಾಡುವ ಅಧಿಕಾರ ಉಂಟು, ಬೇರೆಯವರಿಗೆ ಗೊತ್ತಿಲ್ಲದ ಯಾವ ಸಂಗತಿ ನಿಮಗೆ ಗೊತ್ತು. ಇಡೀ ಆಟದ ಜೀವ ಇರುವುದು ಈ ನಾಲ್ಕನೇ ಸಾಲಿನಲ್ಲಿ. ಪರ್ಸಿನ್‌ನವರ ಲಕೋಟೆಯಲ್ಲಿ ಹೀಗಿತ್ತು: 'ಪ್ರತಿ ಸುತ್ತಿಗೆ ಆರು ಬೀಜ ಬ್ಯಾಂಕಿನ ಕಂತು. ಒಂದು ಕಂತು ತಪ್ಪಿದರೂ ಬೋಟ್ ಜಪ್ತಿ.' ಟ್ರಾಲ್‌ನವರಿಗೆ ಮೂರು ಬೀಜದ ಕಂತು. ನಾಡದೋಣಿಯವರಿಗೆ ಸಾಲ ಇಲ್ಲ, ಆದರೆ ಬಟ್ಟಲಲ್ಲಿ ಹತ್ತಕ್ಕಿಂತ ಕಡಿಮೆ ಬೀಜ ಉಳಿದರೆ ಅವರಿಗೆ ಮೀನೇ ಸಿಗುವುದಿಲ್ಲ.

ಮೊದಲ ಸಲ ಆಡಿಸಿದಾಗ ಗಲಾಟೆ ಕೇಳಿ ಪಕ್ಕದ ತರಗತಿಯ ಸರ್ ಬಂದು ಇಣುಕಿದರು. ಒಂದನೇ ಸುತ್ತಿನಲ್ಲಿ 33 ಬೀಜ ಹೋಯಿತು. ಉಳಿದ 23, ದುಪ್ಪಟ್ಟಾಗಿ 46. ಎರಡನೇ ಸುತ್ತಿನಲ್ಲಿ 35. ಮೂರನೇ ಸುತ್ತಿಗೆ ಬಟ್ಟಲಲ್ಲಿ ಇದ್ದದ್ದು 22. ಆಗ ಇಲಾಖೆಯ ಹುಡುಗಿ ಎದ್ದು ನಿಂತು ಪರ್ಸಿನ್‌ಗೆ ನಾಲ್ಕರ ಮಿತಿ ಹಾಕಿದಳು. ಪರ್ಸಿನ್ ಮೂಲೆಯಿಂದ "ಅವು ಆಪುಜಿ!" (ಅದು ಆಗುವುದಿಲ್ಲ!) ಎಂದು ಕೂಗು ಬಂತು. ಅಷ್ಟು ಹೊತ್ತು ಇಂಗ್ಲಿಷ್‌ನಲ್ಲಿ ತಡವರಿಸುತ್ತಿದ್ದ ತರಗತಿ ಪೂರ್ತಿ ತುಳುವಿಗೆ, ಬ್ಯಾರಿಗೆ, ಕೊಂಕಣಿಗೆ ಇಳಿಯಿತು. ನಾನು ತಡೆಯಲಿಲ್ಲ. ಜಗಳ ಯಾವ ಭಾಷೆಯಲ್ಲಾದರೂ ಆಗಲಿ, ಬರೆದು ಕೊಡುವುದು ಪರೀಕ್ಷೆಯ ಭಾಷೆಯಲ್ಲಿ. ಇದು ನಮ್ಮ ನಿಯಮ.

ಬಟ್ಟಲು ಖಾಲಿಯಾದ ಮೇಲೆ ಕೇಳಿದೆ, ಯಾರ ತಪ್ಪು? 'ಪರ್ಸಿನ್‌ನವರ ದುರಾಸೆ' ಎಂದರು ಹೆಚ್ಚಿನವರು. ಪುಸ್ತಕದಲ್ಲೂ ಹೆಚ್ಚುಕಡಿಮೆ ಅದೇ ಇದೆ. ಆಮೇಲೆ ಎಲ್ಲ ಲಕೋಟೆ ಬಿಚ್ಚಿ ಜೋರಾಗಿ ಓದಿಸಿದೆ. ಕಂತಿನ ಸಾಲು ಬಂದಾಗ ಕ್ಲಾಸು ತಣ್ಣಗಾಯಿತು. ಕರಿಹಲಗೆಯಲ್ಲಿ ಲೆಕ್ಕ ಹಾಕಿದೆವು. ಎಲ್ಲರ ಕಂತು ಸೇರಿ 18 ಬೀಜ, ನಾಡದೋಣಿಗಳ ಊಟಕ್ಕೆ ಮೂರು, ಒಟ್ಟು 21. ಕಡಲು ಕೊಡಬಲ್ಲದ್ದು 28. ಅಂದರೆ ದಾರಿ ಇತ್ತು, ಮಾತುಕತೆಗೆ ಏಳು ಬೀಜದ ಜಾಗ ಇತ್ತು. ಯಾರೂ ತಮ್ಮ ಸಾಲದ ವಿಷಯ ಬಾಯಿಬಿಡಲಿಲ್ಲ, ಬ್ಯಾಂಕಿನವರನ್ನು ಯಾರೂ ಮಾತಿಗೆ ಕರೆಯಲಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಹಾರ್ಡಿನ್‌ಗೆ ಕೊಟ್ಟ ಉತ್ತರ ಇದೇ ತಾನೆ? ಬಳಸುವವರೇ ಕೂತು ನಿಯಮ ಮಾಡಿಕೊಂಡರೆ ಸಂಪತ್ತು ಉಳಿಯುತ್ತದೆ ಎಂದು ಅವರು ಊರೂರಿನ ಉದಾಹರಣೆ ಇಟ್ಟು ತೋರಿಸಿದರು. ಅವರ ಹೆಸರನ್ನು ನಾನು ಮೊದಲು ಉರು ಹೊಡೆಸುತ್ತಿದ್ದೆ. ಈ ಸಲ ಹೆಸರು ಹೇಳುವ ಮೊದಲೇ ವಿಷಯ ಮಕ್ಕಳಿಗೆ ಗೊತ್ತಾಗಿತ್ತು.

ನನ್ನದೊಂದು ತಪ್ಪೂ ಅವತ್ತೇ ಸಿಕ್ಕಿಬಿತ್ತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧವನ್ನು ನಾನು ಎಲ್ಲ ತಂಡಕ್ಕೂ ಹಾಕಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಮೇಡಂ, ನಮ್ಮ ಅಜ್ಜ ಮಳೆಗಾಲದಲ್ಲೇ ಹೋಗುವುದಲ್ವಾ? ಹತ್ತು ಎಚ್‌ಪಿ ಎಂಜಿನ್‌ಗೆ ಬಿಡ್ತಾರೆ." ಅವಳ ಮಾತೇ ಸರಿ. ನಾಡದೋಣಿಗೆ ಆ ವಿನಾಯಿತಿ ಇದೆ. ಅದನ್ನು ಸೇರಿಸಿದ ಮೇಲೆ ಆಟದ ತೂಕವೇ ಬೇರೆಯಾಯಿತು. ನಾಡದೋಣಿಯವರ ಕೈಗೂ ಒಂದು ಪಟ್ಟು ಬಂತು.

ಈಗ ದುಡ್ಡಿನ ಲೆಕ್ಕ. ಪ್ರತಿಯೊಬ್ಬರಿಗೂ ಒಂದು ಪಾತ್ರದ ಪುಟ, ಒಂದು ನಿಯಮದ ಪುಟ. ಒಟ್ಟು 124 ಜೆರಾಕ್ಸ್, ಎರಡು ರೂಪಾಯಿಯಂತೆ 248. ಲಕೋಟೆ 13, ಅದಕ್ಕೆ 26. ಚಾರ್ಟ್ ಪೇಪರ್ ಎರಡು, 20 ರೂಪಾಯಿ. ಒಟ್ಟು 294. ಬಟ್ಟಲು, ಬೀಜ ಮನೆಯದ್ದು.

ಗಂಟೆಯ ಲೆಕ್ಕ ಬೇರೆ. ಬೆಳಗಿನ ಹರಾಜಿನ ಹೊತ್ತಿಗೆ ಎರಡು ದಿನ ದಕ್ಕೆಗೆ ಹೋಗಿ ಕೇಳಿಕೊಂಡು ಬಂದದ್ದು ಆರು ಗಂಟೆ. 13 ಪಾತ್ರ ಬರೆಯಲು 20 ಗಂಟೆ. ಸ್ಟಾಫ್ ರೂಮಿನಲ್ಲಿ ಆಡಿ ನೋಡಿ, ತಿದ್ದಿ, ಮತ್ತೆ ಬರೆಯಲು ಎಂಟು. ಆಟ ಮುಗಿದ ಮೇಲೆ 62 ಬರಹ ಓದಲು, ಒಂದಕ್ಕೆ ಹತ್ತು ನಿಮಿಷದಂತೆ, ಹತ್ತು ಗಂಟೆಗೂ ಮೇಲೆ. ಒಟ್ಟು 44 ಗಂಟೆಗಿಂತ ಜಾಸ್ತಿ. ಇದು ಯಾವ ಟೈಮ್‌ಟೇಬಲ್ಲಿನಲ್ಲೂ ಇಲ್ಲ. ಯುಜಿಸಿಯ 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ. ಲೆಕ್ಕಕ್ಕೆ ಬರುವುದು ತರಗತಿಯಲ್ಲಿ ನಿಂತ ಹೊತ್ತು ಮಾತ್ರ, ದಕ್ಕೆಯಲ್ಲಿ ನಿಂತದ್ದಲ್ಲ. ಅತಿಥಿ ಉಪನ್ಯಾಸಕರ ಪಾಡಂತೂ ಹೇಳುವುದೇ ಬೇಡ. ಎರಡು ಕಾಲೇಜಿನ ನಡುವೆ ಬಸ್ಸು ಹಿಡಿಯುವವರಿಗೆ ಹೋಗಿ ಲಕೋಟೆ ಬರೆಯಿರಿ ಎನ್ನುವುದು ಹೇಗೆ?

ಹಾಗಾಗಿ 'ಕಡಿಮೆ ಖರ್ಚಿನ ಆಟ' ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ದುಡ್ಡು ಕಡಿಮೆ, ನಿಜ. ಖರ್ಚು ಕಡಿಮೆ ಅಲ್ಲ.

ಗಂಟೆ ಕೊಟ್ಟ ಕಡೆ ಇದು ನಡೆಯುತ್ತಲೇ ಇದೆ. ಎಂಬಿಬಿಎಸ್‌ಗೆ 2019ರ ಹೊಸ ಪಠ್ಯಕ್ರಮದ ಜೊತೆ ಏಟ್‌ಕಾಮ್ ಎಂಬ ಭಾಗ ಬಂತು. ರೋಗಿಯ ಜೊತೆ ಮಾತಾಡುವುದು ಹೇಗೆ, ಕೆಟ್ಟ ಸುದ್ದಿ ಹೇಳುವುದು ಹೇಗೆ ಎಂಬುದನ್ನು ಪಾತ್ರ ಹಾಕಿ ಕಲಿಯಲು ಅಲ್ಲಿ ತಾಸು ಮೀಸಲು. ರೋಗಿಯಂತೆ ನಟಿಸುವವರನ್ನು ಮುಂದೆ ಕೂರಿಸಿ ಕಲಿಸುವ ಪದ್ಧತಿಯನ್ನು ಹೊವರ್ಡ್ ಬ್ಯಾರೋಸ್ ಎಂಬ ವೈದ್ಯ ಅಮೆರಿಕದಲ್ಲಿ 1963ರಲ್ಲೇ ಶುರುಮಾಡಿದ್ದ. ಕಾನೂನು ಕಾಲೇಜಿಗೆ ಬಾರ್ ಕೌನ್ಸಿಲಿನ 2008ರ ನಿಯಮದಲ್ಲಿ ಅಣಕು ನ್ಯಾಯಾಲಯ ಕಡ್ಡಾಯ. ಬಿಎ, ಬಿಕಾಂಗೆ ಮಾತ್ರ ಹಾಗೇನೂ ಇಲ್ಲ. ಮಣಿಪಾಲದಲ್ಲಿ ಮೆಡಿಕಲ್ ಓದುವ ಹುಡುಗ ಪಾತ್ರ ಹಾಕಿದರೆ ಅದು ತರಬೇತಿ, ಅದೇ ರಸ್ತೆಯ ಕೆಳಗಿನ ಡಿಗ್ರಿ ಕಾಲೇಜಿನ ಹುಡುಗಿ ಹಾಕಿದರೆ 'ಪೋರ್ಶನ್ ಮುಗಿಯಲಿಲ್ಲ ಮೇಡಂ'.

ಎರಡನೇ ಸಲ ಬಿ ಸೆಕ್ಷನ್‌ನಲ್ಲಿ ಆಡಿಸಲು ಹೋದಾಗ ನಾನು ಎಣಿಸದ ತೊಂದರೆ ಬಂತು. ಎ ಸೆಕ್ಷನ್‌ನವರು ಎಲ್ಲ ಲಕೋಟೆಯ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಹಾಕಿಬಿಟ್ಟಿದ್ದರು! ಗುಟ್ಟೆಲ್ಲ ರಟ್ಟು. ಮತ್ತೆ 20 ಗಂಟೆ ಕೂತು ಹೊಸದಾಗಿ ಬರೆಯುವುದಾ ಎಂದು ತಲೆಗೆ ಕೈಹೊತ್ತು ಕೂತೆ. ಆಗ ನೆನಪಾದದ್ದು ಯಕ್ಷಗಾನದ ಕೂತು ಮಾತಾಡುವ ರೂಪ, ತಾಳಮದ್ದಳೆ.

ಯೋಚಿಸಿ ನೋಡಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಒಂದು ಚಾಪೆ, ತಾಳ, ಮದ್ದಳೆ, ಪದ್ಯ ಹಾಡುವ ಭಾಗವತರು, ಎದುರುಬದುರು ಕೂತು ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು. ಪ್ರಪಂಚದಲ್ಲಿ ಇದಕ್ಕಿಂತ ಅಗ್ಗದ ಪಾತ್ರದ ಆಟ ನನಗೆ ಗೊತ್ತಿಲ್ಲ. ಅದರಲ್ಲಿ ಗುಟ್ಟು ಎಂಬುದೇ ಇಲ್ಲ. ವಾಲಿ ಸಾಯುತ್ತಾನೆ ಎಂದು ಮುಂದಿನ ಸಾಲಿನಲ್ಲಿ ಕೂತ ಮಗುವಿಗೂ ಗೊತ್ತು. ಬಾಣ ನಾಟಿದ ಮೇಲೆ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಹೇಳಿ ತಪ್ಪಿಸಿಕೊಳ್ಳುತ್ತಾನೆ, ಅದು ಮಾತ್ರ ಪ್ರತಿ ರಾತ್ರಿಯೂ ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದದ್ದು ಕತೆ ಏನಾಗುತ್ತದೆ ಎಂದು ತಿಳಿಯಲಿಕ್ಕಲ್ಲ.

ಅಮೆರಿಕದ ಬಾರ್ನಾರ್ಡ್ ಕಾಲೇಜಿನ ಇತಿಹಾಸ ಪ್ರಾಧ್ಯಾಪಕ ಮಾರ್ಕ್ ಕಾರ್ನ್ಸ್ 1990ರ ದಶಕದಲ್ಲಿ ತರಗತಿಗಾಗಿ ಪಾತ್ರದ ಆಟಗಳನ್ನು ಶುರುಮಾಡಿದರು. ಈಗ ಅಂಥ ಆಟಗಳು ಬೇಕಾದಷ್ಟಿವೆ. 1945ರ ಸಿಮ್ಲಾ ಸಮಾವೇಶದ ಮೇಲೂ ಒಂದಿದೆ, ಅದರಲ್ಲಿ ಅಲ್ಲಿನ ಮಕ್ಕಳು ಕಾಂಗ್ರೆಸ್, ಮುಸ್ಲಿಂ ಲೀಗ್ ನಾಯಕರಾಗಿ ವಾದಿಸುತ್ತಾರೆ. ಆ ಆಟಗಳು ವಾರಗಟ್ಟಲೆ ನಡೆಯುತ್ತವೆ. ಕೊನೆ ಚರಿತ್ರೆಯಂತೆಯೇ ಆಗಬೇಕೆಂದಿಲ್ಲ. ಹಾಗೆ ಬಿಡಲು ವ್ಯವಧಾನ ಬೇಕು. ಪೋರ್ಶನ್ ಬೆನ್ನಟ್ಟುತ್ತಿರುವ ನಮ್ಮಂಥವರಿಗೆ ತಾಳಮದ್ದಳೆಯ ದಾರಿಯೇ ಸಲೀಸು: ಕೊನೆ ಮೊದಲೇ ಹೇಳಿಬಿಡಿ, ಕಾರಣಕ್ಕಾಗಿ ಆಡಿಸಿ. ಬಿ ಸೆಕ್ಷನ್‌ಗೆ ಅದನ್ನೇ ಮಾಡಿದೆ. "ಮೂರನೇ ಸುತ್ತಿಗೆ ಬಟ್ಟಲು ಖಾಲಿಯಾಗುತ್ತದೆ, ನಿಮಗೆಲ್ಲ ಗೊತ್ತು. ಖಾಲಿಯಾದ ಮೇಲೆ ಬಂದರಿನಲ್ಲಿ ಸಭೆ. ನಿಮ್ಮ ತಂಡದ ಕಡೆಯಿಂದ ಮಾತಾಡಿ." ಆವತ್ತಿನ ವಾದ ಮೊದಲ ಆಟಕ್ಕಿಂತ ಚೆನ್ನಾಗಿತ್ತು. 1970ರ ದಶಕದಲ್ಲಿ ಪರ್ಸಿನ್ ಬಂದು, ದಡದಿಂದ ಊರವರೆಲ್ಲ ಸೇರಿ ಎಳೆಯುವ ರಂಪಣಿ ಬಲೆ ಮೂಲೆಗೆ ಬಿದ್ದದ್ದನ್ನು ಒಬ್ಬ ಮನೆಯಲ್ಲಿ ಕೇಳಿಕೊಂಡು ಬಂದಿದ್ದ. ಹೊಸ ಬಲೆಗೆ ಸಾಲ ಕೊಟ್ಟದ್ದು ಯಾರು ಎಂದು ಬ್ಯಾಂಕಿನವರನ್ನು ನಿಲ್ಲಿಸಿ ಕೇಳಿದ. ಬ್ಯಾಂಕಿನವರು ಹತ್ತು ನಿಮಿಷ ಬೆವರಿದರು.

ಭಾಗವತರಿಂದ ಇನ್ನೊಂದು ಕಲಿತೆ. ಅರ್ಥಧಾರಿ ಹಿಡಿದದ್ದನ್ನೇ ಎಳೆಯುತ್ತಿದ್ದರೆ ಅವರು ಬೈಯುವುದಿಲ್ಲ, ಸುಮ್ನೆ ಮುಂದಿನ ಪದ್ಯ ಎತ್ತುತ್ತಾರೆ. ನನ್ನ ಹತ್ತಿರ ಈಗ ಐದಾರು ಚೀಟಿ ಇರುತ್ತದೆ: 'ಡೀಸೆಲ್ ದರ ಏರಿತು', 'ಚಂಡಮಾರುತದ ಮುನ್ಸೂಚನೆ', 'ಭೂತಾಯಿ ಮೀನು ರಾಶಿ ಬಿದ್ದು ದರ ಕುಸಿಯಿತು'. ಮಾತು ಸುತ್ತಿದಲ್ಲೇ ಸುತ್ತಿದರೆ ಒಂದು ಚೀಟಿ ಓದುತ್ತೇನೆ.

ಸಾಫ್ಟ್‌ವೇರ್ ಬೇಡವೇ ಬೇಡ ಎಂದಲ್ಲ. ಕವಲೊಡೆಯುವ ಕತೆ ಕಟ್ಟಲು ಟ್ವೈನ್ ಇದೆ, 2009ರಿಂದ ಉಚಿತ, ಕನ್ನಡವೂ ಸರಿಯಾಗಿ ಮೂಡುತ್ತದೆ. ಅದೂ ಕಷ್ಟವೆನಿಸಿದರೆ ಗೂಗಲ್ ಫಾರ್ಮ್ಸ್ ಸಾಕು. ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಅದರಲ್ಲೇ ಇದೆ. ಆದರೆ ಇವು ಒಬ್ಬೊಬ್ಬರೇ ಮನೆಯಲ್ಲಿ ಕೂತು ಆಡಲಿಕ್ಕೆ. ಎದುರು ಕೂತವನ ಮುಖ ನೋಡಿ ಮಾತು ಬದಲಿಸುವುದು ಅದರಲ್ಲಿ ಆಗುವುದಿಲ್ಲ. ಎಐಗೆ ಹೇಳಿ ಪಾತ್ರ ಬರೆಸಿಯೂ ನೋಡಿದೆ. ಎರಡು ನಿಮಿಷದಲ್ಲಿ 13 ಪುಟ ಕೊಟ್ಟಿತು. ಮಲ್ಪೆಗೆ ಡಿಸೆಂಬರಿನಲ್ಲಿ ಮೀನುಗಾರಿಕೆ ನಿಷೇಧ ಹಾಕಿತ್ತು. ಎಲ್ಲ ಪಾತ್ರಗಳೂ ಸಭ್ಯರು, ಎಲ್ಲರೂ 'ಸುಸ್ಥಿರ' ಎನ್ನುವವರು, ಯಾರಿಗೂ ಸಾಲ ಇಲ್ಲ. ಮೊದಲ ಕರಡಿಗೆ ಪರವಾಗಿಲ್ಲ, ದಕ್ಕೆಗೆ ಹೋಗುವುದು ಮಾತ್ರ ತಪ್ಪುವುದಿಲ್ಲ.

ಗಂಟೆಯ ಸಮಸ್ಯೆಗೆ ನನಗೆ ಕಾಣುವ ದಾರಿ ಒಂದೇ, ಹಂಚಿಕೊಳ್ಳುವುದು. ಮಂಗಳೂರು ವಿಶ್ವವಿದ್ಯಾನಿಲಯದ ಕೆಳಗಿನ ಕಾಲೇಜುಗಳಿಗೆ ಪಠ್ಯ ಒಂದೇ. ಬರೆಯುವ 34 ಗಂಟೆ ಹತ್ತು ಕಾಲೇಜಿಗೆ ಹಂಚಿದರೆ ತಲೆಗೆ ಮೂರೂವರೆ ಗಂಟೆಯೂ ಇಲ್ಲ. ಒಂದು ಎಚ್ಚರ ಬೇಕು. ಕರ್ನಾಟಕದಲ್ಲಿ 2021ರಲ್ಲಿ ಹೊಸ ನೀತಿಯ ಪಠ್ಯ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿ ಪಠ್ಯ ಇನ್ನೊಮ್ಮೆ ಬದಲಾಯಿತು. 'ಮೂರನೇ ಸೆಮಿಸ್ಟರ್, ಎರಡನೇ ಘಟಕ' ಎಂದು ಕಟ್ಟಿದ ಆಟ ಸತ್ತೇ ಹೋಯಿತು. ಪ್ರಶ್ನೆಯ ಸುತ್ತ ಕಟ್ಟಿದರೆ ಯಾವ ಪಠ್ಯಕ್ಕೂ ಹೊಂದಿಸಿಕೊಳ್ಳಬಹುದು. ಮೀನಿನ ಆಟವನ್ನು ನಾನು ಎರಡು ಬೇರೆ ಪೇಪರಿಗೆ ಬಳಸಿದ್ದೇನೆ.

ಈಗ ಕೈಯಲ್ಲಿರುವುದು ಇನ್ನೊಂದು ಆಟ, ಅದಕ್ಕೆ ಸ್ವಲ್ಪ ಹೆದರಿಕೆಯೂ ಇದೆ. ಭೂ ನ್ಯಾಯಮಂಡಳಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಕೆಳಗೆ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ತಾವು ಉಳುವ ಭೂಮಿ ಕೇಳಿದರು. ಅದನ್ನು ವಿಚಾರಿಸುವ ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಆಟ ಕಟ್ಟುವವರಿಗೆ ವರದಂತಿರುವ ಒಂದು ನಿಯಮ ಅದರಲ್ಲಿತ್ತು, ಮಂಡಳಿಯ ಮುಂದೆ ವಕೀಲರು ಬರುವಂತಿರಲಿಲ್ಲ. ಧಣಿಯೂ ಒಕ್ಕಲೂ ಸ್ವತಃ ನಿಂತು ಮಾತಾಡಬೇಕು. ಗೇಣಿ ಅಕ್ಕಿ ಅಳೆದದ್ದು ನಿಜ, ರಶೀದಿ ಎಲ್ಲಿ?

ಹೆದರಿಕೆ ಯಾಕೆಂದರೆ ಇದು ಕತೆಯಲ್ಲ. ಭೂಮಿ ಪಡೆದವರ ಮೊಮ್ಮಕ್ಕಳೂ ಕಳೆದುಕೊಂಡವರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಹೆಸರು ಕೇಳಿದರೆ ಸಾಕು, ಊರಿನವರಿಗೆ ಎಲ್ಲ ಗೊತ್ತಾಗುತ್ತದೆ. ಅದಕ್ಕೇ ಕೆಲವು ಗೆರೆ ಎಳೆದುಕೊಂಡಿದ್ದೇನೆ. ಪಾತ್ರಕ್ಕೆ ಮನೆತನದ ಹೆಸರಾಗಲಿ ಜಾತಿಯಾಗಲಿ ಇಲ್ಲ, 'ಒಂದನೇ ಅರ್ಜಿದಾರ' ಅಷ್ಟೇ. ಪಾತ್ರ ಚೀಟಿ ಎತ್ತಿ ಹಂಚುವುದು. ಬೇಡ ಎಂದವರಿಗೆ ಕಾರಣ ಕೇಳದೆ ಗುಮಾಸ್ತರ ಕೆಲಸ. ಅವಮಾನವನ್ನು ಆಡಿ ತೋರಿಸುವ ದೃಶ್ಯ ಒಂದೂ ಇಲ್ಲ, ಇರುವುದು ವಾದ ಮತ್ತು ಕಾಗದ ಮಾತ್ರ. ಇಷ್ಟು ಮಾಡಿದರೂ ಯಾರಾದರೂ ನೊಂದರೆ ಆಟ ಅಲ್ಲಿಗೆ ನಿಲ್ಲಿಸುತ್ತೇನೆ.

ಅಂಕದ ವಿಷಯ ಎಲ್ಲರೂ ಕೇಳುತ್ತಾರೆ. ಗೆದ್ದವರಿಗೆ ಅಂಕ ಕೊಡಬಾರದು, ಕೊಟ್ಟರೆ ಎಲ್ಲರಿಗೂ ಪರ್ಸಿನ್ನೇ ಬೇಕು. ಆಟ ಮುಗಿದ ಮೇಲೆ ಎರಡು ಪುಟ: ನಿಮ್ಮ ಪಾತ್ರ ಹಾಗೇಕೆ ನಡೆದುಕೊಂಡಿತು, ಎದುರಿನವರ ಜಾಗದಲ್ಲಿದ್ದರೆ ಏನು ಹೇಳುತ್ತಿದ್ದಿರಿ. ಆಂತರಿಕ ಅಂಕ ಅದಕ್ಕೆ. ಬಾಯಿಬಿಡದ ಮಕ್ಕಳನ್ನು ಪತ್ರಿಕೆಯವರ ತಂಡಕ್ಕೆ ಹಾಕುತ್ತೇನೆ. ಇಡೀ ಸೆಮಿಸ್ಟರ್ ಒಂದು ಮಾತೂ ಆಡದ ಹುಡುಗನೊಬ್ಬ ಆ ದಿನದ 'ವಿಶೇಷ ಸಂಚಿಕೆ' ಬರೆದು ಕರಿಹಲಗೆಗೆ ಅಂಟಿಸಿದ್ದ. ತಲೆಬರಹ: 'ಕಂತು ಕಟ್ಟಿದ ಬೋಟು, ಕಾಣೆಯಾದ ಬಂಗುಡೆ'.

ಕಳೆದ ತಿಂಗಳು ಬೇರೆ ಕಾಲೇಜಿನ ಸ್ನೇಹಿತೆಯೊಬ್ಬಳು ಆಟವನ್ನು ಒಯ್ದಳು, ಬೀಜದ ಸಂಚಿಯ ಸಮೇತ. ವಾರ ಬಿಟ್ಟು ವಾಪಸ್ ಬಂತು. ಎಣಿಸಿದರೆ 51. ಐದು ಎಲ್ಲಿ ಎಂದು ಫೋನ್ ಮಾಡಿ ಕೇಳಿದೆ. "ಪರ್ಸಿನ್‌ನವರು ಕಿಸೆಗೆ ಹಾಕಿಕೊಂಡು ಮನೆಗೆ ಹೋಗಿದ್ದಾರೆ ಮಾರಾಯ್ತಿ" ಎಂದಳು. ಆಟಿ ಬರುವುದರೊಳಗೆ ಅಮ್ಮನಿಗೆ ಐದು ಮಂಜೊಟ್ಟಿ ಹುಡುಕಬೇಕು.